‘ಸತ್ತ’ ಕೈನೇಸ್‌ಗಳ ಬೆನ್ನು ಹತ್ತಿ ಕಲಿತ ಪಾಠಗಳು

ಜೀವಕೋಶದೊಳಗೆ ಸುದ್ದಿ ಮುಟ್ಟಿಸುವ ಕೆಲಸದಲ್ಲಿ ದೊಡ್ಡ ಪಾಲು ಕೈನೇಸ್ ಎಂಬ ಕಿಣ್ವಗಳದು. ಎಟಿಪಿಯಿಂದ ಒಂದು ಫಾಸ್ಫೇಟ್ ಕಿತ್ತು ಇನ್ನೊಂದು ಪ್ರೋಟೀನಿಗೆ ಅಂಟಿಸುವುದು ಅವುಗಳ ಕಸುಬು. ಅಂಟಿಸಿಕೊಂಡ ಪ್ರೋಟೀನು ಎಚ್ಚರಗೊಳ್ಳಬಹುದು, ಮಲಗಬಹುದು, ಜಾಗ ಬದಲಿಸಬಹುದು, ನಾಶದ ದಾರಿಯನ್ನೂ ಹಿಡಿಯಬಹುದು. 2002ರಲ್ಲಿ ಜೆರಾರ್ಡ್ ಮ್ಯಾನಿಂಗ್ ಮತ್ತು ಸಂಗಡಿಗರು ಮನುಷ್ಯನ ಜೀನೋಮನ್ನು ಜಾಲಾಡಿ ಇಂಥ 518 ಕೈನೇಸ್‌ಗಳ ಪಟ್ಟಿ ಕೊಟ್ಟರು. ಅವುಗಳಲ್ಲಿ ಸುಮಾರು 50ಕ್ಕೆ, ಅಂದರೆ ಹತ್ತರಲ್ಲಿ ಒಂದಕ್ಕೆ, ಫಾಸ್ಫೇಟ್ ದಾಟಿಸಲು ಬೇಕೇ ಬೇಕೆಂದು ಪಠ್ಯಪುಸ್ತಕ ಹೇಳುವ ಅಮೈನೋ ಆಮ್ಲಗಳಲ್ಲಿ ಒಂದಲ್ಲ ಒಂದು ಇರಲಿಲ್ಲ. ಮೈಕಟ್ಟು ಕೈನೇಸಿನದೇ, ಕಸುಬು ಮಾತ್ರ ಇಲ್ಲ. ಹುಸಿ ಕೈನೇಸ್ ಎಂದು ಕರೆದು ಅವನ್ನು ಬಹುಕಾಲ ಬದಿಗಿಟ್ಟಿದ್ದರು.

ನಾನು ಕೆಲಸ ಮಾಡುತ್ತ ಬಂದಿರುವುದು ಈ ಗುಂಪಿನ ಮೇಲೆ, ಅದರಲ್ಲೂ ಟ್ರಿಬಲ್ಸ್ ಎಂಬ ಪುಟ್ಟ ಕುಟುಂಬದ ಮೇಲೆ. ಮನುಷ್ಯನಲ್ಲಿ ಇದರ ಮುಖ್ಯ ಸದಸ್ಯರು ಮೂವರು: ಟ್ರಿಬ್-1, ಟ್ರಿಬ್-2, ಟ್ರಿಬ್-3. ಲ್ಯಾಬಿಗೆ ಹೊಸದಾಗಿ ಸೇರುವ ವಿದ್ಯಾರ್ಥಿಗಳೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: ಏನು ಮಾಡುತ್ತದೆಂದೇ ಗೊತ್ತಿಲ್ಲದ ಪ್ರೋಟೀನಿನ ಕೆಲಸವನ್ನು ಎಲ್ಲಿಂದ ಹುಡುಕಲು ಶುರು ಮಾಡುವುದು? ಅವರಿಗೆ ಹೇಳುತ್ತ ಬಂದದ್ದನ್ನೇ ಇಲ್ಲಿ ಬರೆದಿದ್ದೇನೆ.

1. ಒಂದು ಅಕ್ಷರ ಕಾಣಲಿಲ್ಲವೆಂದು ಮರಣಪತ್ರ ಬರೆಯಬೇಡಿ

ಕೈನೇಸ್ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಪಿಕೆಎ ಎಂಬ ಕಿಣ್ವದ ಚಿತ್ರ. 1991ರಲ್ಲಿ ಸ್ಯಾನ್ ಡಿಯಾಗೋದ ಸೂಸನ್ ಟೇಲರ್ ಅವರ ಗುಂಪು ಅದರ ಮೂರು ಆಯಾಮದ ರಚನೆಯನ್ನು ಪ್ರಕಟಿಸಿತು. ಪ್ರೋಟೀನ್ ಕೈನೇಸೊಂದರ ರಚನೆ ಕಣ್ಣಿಗೆ ಬಿದ್ದದ್ದು ಅದೇ ಮೊದಲು. ಅಲ್ಲಿಂದ ಮೂರು ಗುರುತುಗಳು ಎಲ್ಲರಿಗೂ ಬಾಯಿಪಾಠವಾದವು: ಎಟಿಪಿಯ ಫಾಸ್ಫೇಟುಗಳನ್ನು ನಿಲ್ಲಿಸಿ ಹಿಡಿಯುವ ಒಂದು ಲೈಸಿನ್, ಕ್ರಿಯೆ ನಡೆಸುವ ಒಂದು ಆಸ್ಪಾರ್ಟೇಟ್, ಮೆಗ್ನೀಸಿಯಮ್ಮನ್ನು ಹಿಡಿಯುವ ಇನ್ನೊಂದು ಆಸ್ಪಾರ್ಟೇಟ್. ಹೊಸ ಜೀನ್ ಸಿಕ್ಕಾಗ ಅದರ ಸರಣಿಯನ್ನು ಪಿಕೆಎ ಪಕ್ಕದಲ್ಲಿಟ್ಟು ಈ ಮೂರನ್ನು ಹುಡುಕುತ್ತೇವೆ. ಮೂರೂ ಇದ್ದರೆ ಜೀವಂತ, ಒಂದು ತಪ್ಪಿದರೆ ‘ಸತ್ತದ್ದು’.

ಈ ತೀರ್ಪು ಎಷ್ಟೋ ಸಲ ತಲೆಕೆಳಗಾಗಿದೆ. 2000ದಲ್ಲಿ ಡಲ್ಲಾಸ್‌ನ ಮೆಲನೀ ಕಾಬ್ ಅವರ ಲ್ಯಾಬಿನಲ್ಲಿ ಸಿಕ್ಕ ಡಬ್ಲ್ಯುಎನ್‌ಕೆ-1 ಎಂಬ ಕೈನೇಸಿನಲ್ಲಿ ಆ ಲೈಸಿನ್ ಇರಬೇಕಾದ ಜಾಗದಲ್ಲಿ ಇರಲಿಲ್ಲ. ಆದರೂ ಅದು ಫಾಸ್ಫೇಟ್ ಅಂಟಿಸುತ್ತಿತ್ತು. ನೋಡಿದರೆ ಪಕ್ಕದ ಇನ್ನೊಂದು ಎಳೆಯಲ್ಲಿದ್ದ ಬೇರೊಂದು ಲೈಸಿನ್ ಒಳಗೆ ಚಾಚಿ ಅದೇ ಕೆಲಸ ನಡೆಸುತ್ತಿತ್ತು. ಮುಂದಿನ ವರ್ಷವೇ ಈ ಕುಟುಂಬದ ಎರಡು ಜೀನ್‌ಗಳಲ್ಲಿನ ದೋಷ ವಂಶಪಾರಂಪರ್ಯವಾಗಿ ಬರುವ ಒಂದು ಬಗೆಯ ರಕ್ತದೊತ್ತಡಕ್ಕೆ ಕಾರಣ ಎಂದು ತಿಳಿಯಿತು. ನರಕೋಶಗಳಲ್ಲಿರುವ ಕ್ಯಾಸ್ಕ್ ಎಂಬ ಪ್ರೋಟೀನನ್ನೂ ಎಲ್ಲರೂ ಸತ್ತದ್ದೆಂದೇ ಎಣಿಸಿದ್ದರು. ಮೆಗ್ನೀಸಿಯಮ್ ಇಲ್ಲದೆಯೇ ಅದು ಕೆಲಸ ಮಾಡುತ್ತದೆ, ಮೆಗ್ನೀಸಿಯಮ್ ಹಾಕಿದರೆ ನಿಲ್ಲುತ್ತದೆ ಎಂದು 2008ರಲ್ಲಿ ಗೊತ್ತಾಯಿತು. ಪ್ರತಿ ಲ್ಯಾಬಿನ ಕೈನೇಸ್ ಬಫರಿನಲ್ಲೂ ಮೆಗ್ನೀಸಿಯಮ್ ಇದ್ದೇ ಇರುತ್ತದೆ. ಪರೀಕ್ಷೆಯ ದ್ರಾವಣವೇ ಅದರ ಬಾಯಿ ಕಟ್ಟುತ್ತಿತ್ತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಸೆಲೆನೋಪ್ರೋಟೀನ್-ಓ ಕಥೆ. ವಿನ್ಸೆಂಟ್ ಟ್ಯಾಗ್ಲಿಯಾಬ್ರಾಚಿ ಅವರ ಗುಂಪು 2018ರಲ್ಲಿ ತೋರಿಸಿದ್ದು ಇದು: ಆ ಪ್ರೋಟೀನಿನ ಸಂದಿನಲ್ಲಿ ಎಟಿಪಿ ಉಲ್ಟಾ ಕೂತಿರುತ್ತದೆ. ಹಾಗೆ ಕೂತ ಎಟಿಪಿಯಿಂದ ಅದು ಫಾಸ್ಫೇಟ್ ಕೀಳುವುದಿಲ್ಲ, ಎಎಂಪಿ ಭಾಗವನ್ನೇ ಪೂರ್ತಿ ಎತ್ತಿ ಇನ್ನೊಂದು ಪ್ರೋಟೀನಿಗೆ ಅಂಟಿಸುತ್ತದೆ. ಫಾಸ್ಫೇಟ್ ಹುಡುಕುವ ಪರೀಕ್ಷೆ ಎಷ್ಟು ಸಲ ಮಾಡಿದರೂ ಇದು ಕಾಣುವ ಹಾಗೇ ಇರಲಿಲ್ಲ. ಆದ್ದರಿಂದ ‘ಫಾಸ್ಫೇಟ್ ಅಂಟಿಸುತ್ತದೆಯೇ’ ಎಂಬ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರ ಬಂದರೆ ಗೊತ್ತಾದದ್ದು ಅಷ್ಟೇ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಆ ಪ್ರೋಟೀನು ಏನೂ ಮಾಡುವುದಿಲ್ಲ ಎಂಬ ಮಾತು ಅದರಿಂದ ಹೊರಡುವುದಿಲ್ಲ.

2. ಹಳೆಯ ಹೆಸರುಗಳನ್ನೆಲ್ಲ ಮೊದಲು ಕಲೆಹಾಕಿ

ಟ್ರಿಬ್-3 ಎಂದು ಹುಡುಕಿದರೆ ಅದರ ಅರ್ಧ ಚರಿತ್ರೆ ಸಿಗುವುದಿಲ್ಲ. ಇಲಿಯ ನರಕೋಶಗಳು ಸಾಯುವಾಗ ಹೆಚ್ಚಾಗುತ್ತದೆಂದು ಕಂಡವರು ಅದನ್ನು ಎನ್‌ಐಪಿಕೆ ಎಂದರು. ಉರಿಯೂತದ ಸಂಕೇತಗಳಲ್ಲಿ ಕಂಡವರು ಸಿಂಕ್ ಎಂದರು, ಗಡ್ಡೆಗಳಲ್ಲಿ ಕಂಡವರು ಸ್ಕಿಪ್-3 ಎಂದರು. ಒಂದೇ ಪ್ರೋಟೀನು ಮೂರು ಕ್ಷೇತ್ರಗಳಲ್ಲಿ ಮೂರು ಹೆಸರಿನಿಂದ ಓಡಾಡುತ್ತಿತ್ತು. ಕೆಲಸ ಶುರು ಮಾಡುವ ಮೊದಲು ಜೀನಿನ ಎಲ್ಲ ಹೆಸರುಗಳನ್ನೂ ಒಂದು ಹಾಳೆಯಲ್ಲಿ ಬರೆದು, ಒಂದೊಂದರ ಹಿಂದಿರುವ ಪ್ರಬಂಧಗಳನ್ನೂ ಓದಿ. ಬೇಸರದ ಕೆಲಸ ಹೌದು. ಆದರೆ ಹೊಸ ಪ್ರಯೋಗದ ಅರ್ಧದಷ್ಟು ಯೋಚನೆ ಅಲ್ಲೇ ಸಿಗುತ್ತದೆ. ಯಾವ ಒತ್ತಡದಲ್ಲಿ, ಯಾವ ಅಂಗದಲ್ಲಿ, ಯಾವ ಹೊತ್ತಿಗೆ ಆ ಪ್ರೋಟೀನು ಏರಿತು ಎಂಬುದನ್ನು ಯಾರೋ ಮೊದಲೇ ನೋಡಿಟ್ಟಿರುತ್ತಾರೆ.

ಇದರ ಜೊತೆಗೆ ಬೇರೆ ಬೇರೆ ಜೀವಿಗಳ ಸರಣಿಗಳನ್ನು ಹೋಲಿಸಿ ನೋಡುವ ಅಭ್ಯಾಸವೂ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಶ್ರೀನಿವಾಸನ್ ಅವರ ಗುಂಪು ಅನೇಕ ಜೀನೋಮ್‌ಗಳ ಕೈನೇಸ್‌ಗಳನ್ನು ಒಂದೆಡೆ ತಂದು ‘ಕಿಂಗ್’ ಎಂಬ ಡೇಟಾಬೇಸ್ ಕಟ್ಟಿತ್ತು. ಕೋಟ್ಯಂತರ ವರ್ಷ ಬದಲಾಗದೆ ಉಳಿದ ಭಾಗ ಯಾವುದು, ಮನಬಂದಂತೆ ಬದಲಾದ ಭಾಗ ಯಾವುದು ಎಂದು ನೋಡುವ ಕಣ್ಣನ್ನು ನಮ್ಮಲ್ಲಿ ಎಷ್ಟೋ ಜನರಿಗೆ ಕೊಟ್ಟದ್ದು ಅಂಥ ಕೆಲಸ. ಟ್ರಿಬಲ್ಸ್ ಕುಟುಂಬದಲ್ಲಿ ಮೆಗ್ನೀಸಿಯಮ್ ಹಿಡಿಯುವ ಜಾಗ ಹಾಳಾಗಿದೆ, ಆದರೆ ಬಾಲದ ತುದಿಯ ಒಂದು ತುಣುಕು ಮಾತ್ರ ಚಾಚೂ ತಪ್ಪದೆ ಉಳಿದಿದೆ. ಉಳಿದದ್ದಕ್ಕೆ ಕಾರಣ ಇರಲೇಬೇಕಲ್ಲ. ಆ ಬಾಲದ ವಿಷಯಕ್ಕೆ ಮುಂದೆ ಬರುತ್ತೇನೆ.

3. ಟ್ಯೂಬಿನಲ್ಲಿರುವುದು ನಿಮ್ಮ ಪ್ರೋಟೀನೇ ಎಂದು ಖಾತ್ರಿ ಮಾಡಿಕೊಳ್ಳಿ

ವಿಕಿರಣಶೀಲ ಫಾಸ್ಫರಸ್-32 ಇರುವ ಎಟಿಪಿ ಹಾಕಿ, ಜೆಲ್ ಓಡಿಸಿ, ಫಿಲ್ಮಿನ ಮೇಲೆ ಕಪ್ಪು ಗೆರೆ ಮೂಡಿದರೆ ಕೈನೇಸ್ ಜೀವಂತ. ಬಹಳ ಹಳೆಯ, ಬಹಳ ಸೂಕ್ಷ್ಮ ಪರೀಕ್ಷೆ ಇದು. ಅದರ ಸೂಕ್ಷ್ಮತೆಯೇ ಹುಸಿ ಕೈನೇಸ್‌ಗಳ ವಿಷಯದಲ್ಲಿ ತೊಡಕಾಗುತ್ತದೆ. ಮನುಷ್ಯನ ಕೋಶದಲ್ಲೋ ಕೀಟದ ಕೋಶದಲ್ಲೋ ಬೆಳೆಸಿ ತೆಗೆದ ಪ್ರೋಟೀನಿನ ಜೊತೆ ಆ ಕೋಶದ ಅಸಲಿ ಕೈನೇಸ್ ಒಂದು ಚೂರು ಅಂಟಿ ಬಂದಿದ್ದರೂ ಸಾಕು, ಗೆರೆ ಮೂಡುತ್ತದೆ. ಕೋಮಾಸಿ ಬಣ್ಣ ಹಾಕಿದ ಜೆಲ್ಲಿನಲ್ಲಿ ಆ ಚೂರು ಕಾಣುವುದೇ ಇಲ್ಲ. ದುರ್ಬಲವಾದ ಗೆರೆ ಕಂಡಾಗ ಮೊದಲು ಮಾಡಬೇಕಾದದ್ದು ಎಟಿಪಿಯನ್ನು ಹಿಡಿಯುವ ಆ ಲೈಸಿನ್ನನ್ನು ಬದಲಿಸಿದ ಪ್ರೋಟೀನನ್ನು ಅದೇ ದಿನ, ಅದೇ ವಿಧಾನದಲ್ಲಿ ತಯಾರಿಸಿ ಪಕ್ಕದಲ್ಲಿ ಓಡಿಸುವುದು. ಅದರಲ್ಲೂ ಅದೇ ಗೆರೆ ಬಂದರೆ ಅದು ನಿಮ್ಮ ಪ್ರೋಟೀನಿನ ಕೆಲಸವಲ್ಲ. ಫಾಸ್ಫರಸ್-32ರ ಅರ್ಧಾಯುಷ್ಯ 14 ದಿನ ಚಿಲ್ಲರೆ. ಐಸೋಟೋಪ್ ಬಂದ ವಾರದಲ್ಲೇ ಅಸಲಿ, ಬದಲಿ ಎರಡೂ ಪ್ರೋಟೀನುಗಳು ಫ್ರೀಜರಿನಲ್ಲಿ ಸಿದ್ಧವಿರಬೇಕು. ಹೋಲಿಕೆಯನ್ನು ಮುಂದಿನ ತಿಂಗಳಿಗೆ ಬಿಟ್ಟರೆ ಅದು ಹೋಲಿಕೆಯೇ ಅಲ್ಲ.

ಎಟಿಪಿಯನ್ನು ಹಿಡಿಯುತ್ತದೆಯೇ ಎಂಬುದು ಬೇರೆಯದೇ ಪ್ರಶ್ನೆ. ಅದಕ್ಕೆ ನಾವು ಬಳಸುವುದು ಥರ್ಮಲ್ ಶಿಫ್ಟ್. ಪ್ರೋಟೀನಿಗೆ ಒಂದು ಬಣ್ಣ ಬೆರೆಸಿ, ಆರ್‌ಟಿ-ಪಿಸಿಆರ್ ಯಂತ್ರದಲ್ಲಿಟ್ಟು ಒಂದೊಂದೇ ಡಿಗ್ರಿ ಬಿಸಿ ಮಾಡುತ್ತ ಹೋಗುತ್ತೇವೆ. ಮಡಿಕೆ ಬಿಚ್ಚಿಕೊಂಡಾಗ ಪ್ರೋಟೀನಿನ ಒಳಗಿನ ಜಿಡ್ಡುಭಾಗ ಹೊರಬರುತ್ತದೆ, ಬಣ್ಣ ಅದಕ್ಕೆ ಅಂಟಿ ಹೊಳೆಯುತ್ತದೆ. ಪರದೆಯ ಮೇಲೆ ಗೆರೆ ಚಪ್ಪಟೆಯಾಗಿ ಹೋಗಿ ಒಂದು ಹಂತದಲ್ಲಿ ಸಟ್ಟನೆ ಮೇಲೇರುತ್ತದೆ. ಎಟಿಪಿ ಸಂದಿನಲ್ಲಿ ಕೂತರೆ ಪ್ರೋಟೀನು ಬಿಗಿಯಾಗುತ್ತದೆ, ಏರುವ ಜಾಗ ಬಲಕ್ಕೆ ಸರಿಯುತ್ತದೆ. 2014ರಲ್ಲಿ ಮೆಲ್ಬರ್ನ್‌ನ ಜೇಮ್ಸ್ ಮರ್ಫಿ ಮತ್ತು ಸಂಗಡಿಗರು 31 ಹುಸಿ ಕೈನೇಸ್‌ಗಳನ್ನು ಇದೇ ಬಗೆಯಲ್ಲಿ ಸಾಲಾಗಿ ನಿಲ್ಲಿಸಿ ಪರೀಕ್ಷಿಸಿದರು. ಏನನ್ನೂ ಹಿಡಿಯದವು ಒಂದು ಗುಂಪು, ನ್ಯೂಕ್ಲಿಯೋಟೈಡ್ ಮಾತ್ರ ಹಿಡಿಯುವವು ಇನ್ನೊಂದು, ಲೋಹದ ಅಯಾನ್ ಮಾತ್ರ ಹಿಡಿಯುವವು ಮತ್ತೊಂದು, ಎರಡನ್ನೂ ಹಿಡಿಯುವವು ನಾಲ್ಕನೆಯದು ಎಂದು ವಿಂಗಡಿಸಿದರು. ಒಂದೇ ಹೆಸರಿನ ಕೆಳಗೆ ಎಷ್ಟು ಬೇರೆ ಬೇರೆ ಜನ ಕೂತಿದ್ದಾರೆ ಎಂಬುದು ಆ ಒಂದು ಪ್ರಬಂಧದಿಂದ ನಮಗೆಲ್ಲ ಮನವರಿಕೆಯಾಯಿತು. ನಮ್ಮ ಕುಟುಂಬದಲ್ಲೇ ನೋಡಿ: ಟ್ರಿಬ್-1 ಎಟಿಪಿಯನ್ನು ಹಿಡಿಯುವುದು ಕಂಡಿಲ್ಲ. ಟ್ರಿಬ್-2 ಲೋಹದ ನೆರವಿಲ್ಲದೆ ಸಡಿಲವಾಗಿ ಹಿಡಿಯುತ್ತದೆ ಎಂದು ಲಿವರ್‌ಪೂಲ್‌ನ ಪ್ಯಾಟ್ರಿಕ್ ಐಯರ್ಸ್ ಅವರ ಗುಂಪು 2015ರಲ್ಲಿ ತೋರಿಸಿತು. ಅಕ್ಕತಂಗಿಯರೆಂದು ಒಬ್ಬರ ಗುಣವನ್ನು ಇನ್ನೊಬ್ಬರಿಗೆ ಬರೆಯುವ ಹಾಗಿಲ್ಲ.

4. ಇಡೀ ಪ್ರಾಣಿಯಲ್ಲಿ ಏನು ಕೆಡುತ್ತದೆ ನೋಡಿ

ಟ್ರಿಬಲ್ಸ್ ಸಿಕ್ಕದ್ದು ಜೀವರಸಾಯನದ ಮೇಜಿನ ಮೇಲಲ್ಲ, ಹಣ್ಣುನೊಣದ ಭ್ರೂಣದಲ್ಲಿ. 2000ದಲ್ಲಿ ಮೂರು ಗುಂಪುಗಳು ಬೇರೆ ಬೇರೆ ದಾರಿಯಿಂದ ಬಂದು ಈ ಒಂದೇ ಜೀನಿನ ಮುಂದೆ ನಿಂತವು. ನೊಣದ ಭ್ರೂಣ ಒಂದು ಹಂತದಲ್ಲಿ ಹೊಟ್ಟೆಯ ಕಡೆಯ ಕೋಶಗಳನ್ನು ಒಳಕ್ಕೆ ಮಡಚಿಕೊಳ್ಳುತ್ತದೆ. ಆ ಮಡಿಕೆ ಮುಗಿಯುವ ತನಕ ಅಲ್ಲಿನ ಕೋಶಗಳು ಒಡೆದು ಎರಡಾಗಬಾರದು, ಏಕೆಂದರೆ ಒಡೆಯುವ ಕೋಶ ದುಂಡಗಾಗುತ್ತದೆ, ಆಕಾರ ಬದಲಿಸಿ ಒಳಗೆ ಸರಿಯಲು ಆಗುವುದಿಲ್ಲ. ಈ ಜೀನು ಕೆಟ್ಟ ಭ್ರೂಣಗಳಲ್ಲಿ ಆ ಕೋಶಗಳು ಕಾಯದೆ ಒಡೆಯತೊಡಗಿದವು, ಮಡಿಕೆ ತಡವಾಯಿತು. ತಡೆಯಿಲ್ಲದೆ ಹೆಚ್ಚುವ ಕೋಶಗಳನ್ನು ಕಂಡು ‘ಸ್ಟಾರ್ ಟ್ರೆಕ್’ ಧಾರಾವಾಹಿಯಲ್ಲಿ ಎಣಿಕೆಯಿಲ್ಲದಷ್ಟು ಮರಿ ಹಾಕುವ ತುಪ್ಪುಳದ ಪ್ರಾಣಿಯ ಹೆಸರನ್ನು ಜೀನಿಗೆ ಇಟ್ಟರು.

ಕೋಶ ಒಡೆಯಲು ಅಪ್ಪಣೆ ಕೊಡುವ ಸ್ಟ್ರಿಂಗ್ ಎಂಬ ಪ್ರೋಟೀನನ್ನು ಟ್ರಿಬಲ್ಸ್ ನಾಶಕ್ಕೆ ಕಳಿಸುತ್ತಿತ್ತು. ಅಂಡಾಶಯದಲ್ಲಿ ಇದೇ ಟ್ರಿಬಲ್ಸ್ ಸ್ಲಬೋ ಎಂಬ ಇನ್ನೊಂದು ಪ್ರೋಟೀನನ್ನು ನಾಶಕ್ಕೆ ಕಳಿಸುವುದನ್ನು ಪರ್ನಿಲ್ಲೆ ರೋರ್ತ್ ಅವರ ಗುಂಪು ತೋರಿಸಿತು. ಎರಡು ಅಂಗಾಂಶ, ಎರಡು ಬಲಿ, ಒಂದೇ ಬಗೆಯ ಕೆಲಸ. ಫಾಸ್ಫೇಟಿನ ಮಾತೇ ಇಲ್ಲ! ಈ ಕುಟುಂಬ ಏನು ಮಾಡುತ್ತದೆ ಎಂಬುದರ ತಿರುಳು ಮೊದಲ ವರ್ಷವೇ ನೊಣದಲ್ಲಿ ಸಿಕ್ಕಿತ್ತು. ಸಸ್ತನಿಗಳ ಕೋಶಗಳಲ್ಲಿ ಅದನ್ನು ಒಪ್ಪಿಕೊಳ್ಳಲು ಇನ್ನೂ ಹಲವು ವರ್ಷ ಬೇಕಾದವು. ನೊಣದ ಪ್ರಬಂಧಗಳನ್ನು ವೈದ್ಯಕೀಯ ಸಂಶೋಧನೆ ಮಾಡುವವರು ಓದದೆ ಬಿಡುವುದು ನನಗೆ ಈಗಲೂ ನೋವಿನ ಸಂಗತಿ.

5. ಅದು ಯಾರ ಜೊತೆ ಕೂರುತ್ತದೆ ಎಂದು ಕೇಳಿ

ಸ್ಲಬೋಗೆ ನಮ್ಮಲ್ಲಿರುವ ಸಮಾನ ಸಿ-ಇಬಿಪಿ ಆಲ್ಫಾ. ಬಿಳಿರಕ್ತಕಣಗಳು ಬಲಿತು ನ್ಯೂಟ್ರೋಫಿಲ್‌ಗಳಾಗಲು ಇದು ಬೇಕು. 2006ರಲ್ಲಿ ಕ್ಯಾರೆನ್ ಕೀಶನ್, ವಾರೆನ್ ಪಿಯರ್ ಮತ್ತು ಸಂಗಡಿಗರು ಇಲಿಯ ಮಜ್ಜೆಯ ಕೋಶಗಳಿಗೆ ಟ್ರಿಬ್-2 ತುಂಬಿಸಿದಾಗ ಆ ಇಲಿಗಳಿಗೆ ತೀವ್ರ ಮೈಲಾಯ್ಡ್ ಲ್ಯೂಕೀಮಿಯಾ ಬಂತು. ಕೋಶಗಳಲ್ಲಿ ಸಿ-ಇಬಿಪಿ ಆಲ್ಫಾ ಕರಗಿಹೋಗಿತ್ತು.

ಕರಗಿಸುವುದು ಟ್ರಿಬ್ ತಾನೇ ಅಲ್ಲ. ಕಾಪ್-1 ಎಂಬ ಇನ್ನೊಂದು ಪ್ರೋಟೀನು ಬಲಿಗೆ ಯುಬಿಕ್ವಿಟಿನ್ ಎಂಬ ಗುರುತು ಹಚ್ಚುತ್ತದೆ, ಗುರುತು ಬಿದ್ದದ್ದನ್ನು ಪ್ರೋಟಿಯಾಸೋಮ್ ತುಂಡರಿಸುತ್ತದೆ. ಕಾಪ್-1ಗೆ ಸಿ-ಇಬಿಪಿ ಆಲ್ಫಾ ತಾನಾಗಿ ಸಿಗುವುದಿಲ್ಲ. ಟ್ರಿಬ್ ಒಂದು ಕೈಯಲ್ಲಿ ಅದನ್ನೂ ಇನ್ನೊಂದು ಕೈಯಲ್ಲಿ ಇದನ್ನೂ ಹಿಡಿದು ಹತ್ತಿರ ತರುತ್ತದೆ. ಹಳ್ಳಿಯ ಮದುವೆ ದಲ್ಲಾಳಿಯ ಕೆಲಸ ಇದು. ಅವನು ತಾಳಿ ಕಟ್ಟುವುದಿಲ್ಲ, ಅವನಿಲ್ಲದೆ ತಾಳಿ ಕಟ್ಟುವ ಪ್ರಸಂಗವೂ ಬರುವುದಿಲ್ಲ. ಕಾಪ್-1ನ್ನು ಹಿಡಿಯುವ ಕೈ ಯಾವುದು? ಎಲ್ಲ ಜೀವಿಗಳಲ್ಲೂ ಬದಲಾಗದೆ ಉಳಿದ ಆ ಬಾಲದ ತುಣುಕು.

ಆಂಟಿಬಾಡಿಯಿಂದ ಪ್ರೋಟೀನನ್ನು ಗೆರೆಯಾಗಿ ತೋರಿಸುವ ಬ್ಲಾಟಿನಲ್ಲಿ ಇದನ್ನು ನೋಡುವುದು ಹೇಗೆಂದು ಹೇಳುತ್ತೇನೆ, ಏಕೆಂದರೆ ಇಷ್ಟು ಚೊಕ್ಕವಾಗಿ ಮಾತಾಡುವ ಬ್ಲಾಟುಗಳು ಅಪರೂಪ. ಸಿ-ಇಬಿಪಿ ಆಲ್ಫಾ ಕೋಶದಲ್ಲಿ ಎರಡು ಉದ್ದಗಳಲ್ಲಿ ತಯಾರಾಗುತ್ತದೆ: ಪಿ42 ಎಂಬ ಉದ್ದನೆಯದು, ಮುಂದಿನ ತುದಿ ಇಲ್ಲದ ಪಿ30 ಎಂಬ ಗಿಡ್ಡನೆಯದು. ಮೊದಲ ಸಾಲಿನಲ್ಲಿ ಟ್ರಿಬ್ ಇಲ್ಲ, ಮೇಲೆ ಪಿ42, ಕೆಳಗೆ ಪಿ30, ಎರಡೂ ಗೆರೆಗಳು ನಿಚ್ಚಳ. ಎರಡನೆಯದರಲ್ಲಿ ಟ್ರಿಬ್-2 ಇದೆ, ಮೇಲಿನ ಗೆರೆ ಮಾಸುತ್ತದೆ, ಕೆಳಗಿನದು ಹಾಗೇ ನಿಲ್ಲುತ್ತದೆ. ಟ್ರಿಬ್ ಹಿಡಿಯುವ ತುಣುಕು ಆ ಮುಂದಿನ ತುದಿಯಲ್ಲಿದೆ, ಪಿ30ಗೆ ಆ ತುದಿಯೇ ಇಲ್ಲ. ಮೂರನೆಯದರಲ್ಲಿ ಪ್ರೋಟಿಯಾಸೋಮನ್ನು ತಡೆಯುವ ಎಂಜಿ132 ಹಾಕಿದೆ, ಮೇಲಿನ ಗೆರೆ ಮರಳುತ್ತದೆ. ನಾಲ್ಕನೆಯದರಲ್ಲಿ ಕಾಪ್-1 ಹಿಡಿಯುವ ಬಾಲವನ್ನು ಕೆಡಿಸಿದ ಟ್ರಿಬ್ ಇದೆ, ಮೇಲಿನ ಗೆರೆ ಮಾಸುವುದಿಲ್ಲ. ನಾಲ್ಕು ಸಾಲುಗಳಲ್ಲಿ ಯಾರನ್ನು, ಯಾವ ಜಾಗದಲ್ಲಿ, ಯಾವ ಯಂತ್ರದ ಮೂಲಕ, ಯಾರ ನೆರವಿನಿಂದ ಎಂಬ ನಾಲ್ಕೂ ಪ್ರಶ್ನೆಗಳಿಗೆ ಉತ್ತರ ಇದೆ. ಪಿ30 ಅಲ್ಲೇ ಉಳಿಯುವುದು ಮುಖ್ಯ. ಅದೇ ಸಾಲಿನೊಳಗಿನ ಕಂಟ್ರೋಲ್ ಅದು. ಟ್ರಿಬ್ ತುಂಬಿಸಿದ್ದರಿಂದ ಕೋಶವೇ ಸೊರಗಿದ್ದರೆ ಎರಡೂ ಗೆರೆಗಳು ಒಟ್ಟಿಗೆ ಇಳಿಯಬೇಕಿತ್ತು.

ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದ ಪೀಟರ್ ಮೇಸ್ ಅವರ ಗುಂಪು ಈ ಚಿತ್ರಕ್ಕೆ ಅಣುಗಳ ಮಟ್ಟದ ವಿವರ ಕೊಟ್ಟಿತು. ಬಲಿ ಇಲ್ಲದಾಗ ಟ್ರಿಬ್-1ರ ಬಾಲ ತನ್ನದೇ ಮೈಗೆ ಸುತ್ತಿಕೊಂಡು ಅಡಗಿರುತ್ತದೆ. ಸಿ-ಇಬಿಪಿ ಆಲ್ಫಾ ಬಂದು ಕೂತರೆ ಕೈನೇಸ್ ಮೈಯ ಒಂದು ಎಳೆ ಸರಿಯುತ್ತದೆ, ಬಾಲ ಸಡಿಲಗೊಂಡು ಕಾಪ್-1ಗೆ ಸಿಗುತ್ತದೆ. ಅಸಲಿ ಕೈನೇಸುಗಳಲ್ಲಿ ಕಿಣ್ವವನ್ನು ಚಾಲೂ ಮಾಡುವ ಎಳೆಯೇ ಇಲ್ಲಿ ಬಾಗಿಲ ಚಿಲಕದಂತೆ ದುಡಿಯುತ್ತಿದೆ. ವಿಕಾಸವು ಈ ಮೈಕಟ್ಟನ್ನು ಕೋಟ್ಯಂತರ ವರ್ಷ ಕಾಪಾಡಿಕೊಂಡು ಬಂದದ್ದೇಕೆ ಎಂಬುದು ನನಗೆ ಅರ್ಥವಾದದ್ದು ಆ ರಚನೆಯನ್ನು ಪರದೆಯ ಮೇಲೆ ತಿರುಗಿಸಿ ನೋಡಿದಾಗ. ರಾಸಾಯನಿಕ ಕ್ರಿಯೆ ಹೋದರೂ ಆಕಾರ ಬದಲಿಸುವ ಕಲೆ ಉಳಿದಿತ್ತು.

6. ಆಂಟಿಬಾಡಿಯನ್ನು ಮೊದಲು ಪರೀಕ್ಷಿಸಿ, ಆಮೇಲೆ ಬಳಸಿ

ಟ್ರಿಬ್‌ಗಳು ಕೋಶದಲ್ಲಿ ಬಹಳ ಕಡಿಮೆ ಇರುತ್ತವೆ, ಬೇಗ ಕರಗುತ್ತವೆ, ಒಂದನ್ನೊಂದು ಹೋಲುತ್ತವೆ. ಆಂಟಿಬಾಡಿಗೆ ಇದಕ್ಕಿಂತ ಕಷ್ಟದ ಗುರಿ ಬೇಕಿಲ್ಲ. ಕ್ರಿಸ್ಪರ್‌ನಿಂದ ಜೀನು ತೆಗೆದ ಕೋಶದಲ್ಲಿ ಗೆರೆ ಮಾಯವಾಗಬೇಕು. ಉಳಿದಿಬ್ಬರು ಸದಸ್ಯರನ್ನು ತುಂಬಿಸಿದ ಕೋಶಗಳಲ್ಲಿ ಗೆರೆ ಬರಬಾರದು. ಈ ಎರಡೂ ಆಗದ ಹೊರತು ಡಬ್ಬಿಯ ಮೇಲೆ ಏನೇ ಬರೆದಿರಲಿ, ಆ ಆಂಟಿಬಾಡಿಯಿಂದ ಬಂದ ಯಾವ ಚಿತ್ರವನ್ನೂ ನಂಬಬಾರದು. ಲಾಟ್ ಸಂಖ್ಯೆ ಬದಲಾದರೆ ಮತ್ತೆ ಮೊದಲಿನಿಂದ.

7. ತುಂಬಿಸಿದಾಗ ಕಂಡದ್ದು ಬೇರೆ, ತೆಗೆದಾಗ ಕಂಡದ್ದು ಬೇರೆ

2003ರಲ್ಲಿ ಟ್ರಿಬ್-3 ಬಗ್ಗೆ ಬಂದ ಪ್ರಬಂಧ ದೊಡ್ಡ ಸುದ್ದಿ ಮಾಡಿತು. ಇನ್ಸುಲಿನ್ ಸಂಕೇತದ ನಡುವಿನ ಕೊಂಡಿಯಾದ ಎಕೆಟಿಯನ್ನು ಟ್ರಿಬ್-3 ಹಿಡಿದು ನಿಲ್ಲಿಸುತ್ತದೆ. ಉಪವಾಸದಲ್ಲಿ, ಮಧುಮೇಹದಲ್ಲಿ ಯಕೃತ್ತಿನಲ್ಲಿ ಅದು ಏರುತ್ತದೆ. ಇಲಿಯ ಯಕೃತ್ತಿನಲ್ಲಿ ಹೆಚ್ಚಿಸಿದರೆ ಸಕ್ಕರೆ ಏರುತ್ತದೆ ಎಂದು ಆ ಪ್ರಬಂಧ ಹೇಳಿತು. ಮಧುಮೇಹಕ್ಕೆ ಹೊಸ ಔಷಧದ ಗುರಿ ಸಿಕ್ಕಿತೆಂದು ಎಲ್ಲರೂ ಸಂಭ್ರಮಿಸಿದರು. ಎರಡು ವರ್ಷದಲ್ಲೇ ಯಕೃತ್ತಿನ ಪ್ರಾಥಮಿಕ ಕೋಶಗಳಲ್ಲಿ ಅಂಥ ತಡೆ ಕಾಣಲಿಲ್ಲವೆಂಬ ವರದಿ ಬಂತು. 2007ರಲ್ಲಿ ಟ್ರಿಬ್-3 ಜೀನನ್ನೇ ತೆಗೆದ ಇಲಿಗಳ ವರದಿ ಬಂತು: ಯಕೃತ್ತಿನಲ್ಲಿ ಇನ್ಸುಲಿನ್ ಸಂಕೇತ ಸರಿಯಿತ್ತು, ರಕ್ತದ ಸಕ್ಕರೆಯೂ ಸರಿಯಿತ್ತು.

ಯಾರೋ ಸುಳ್ಳು ಹೇಳಿದರು ಎಂದು ಇದನ್ನು ಓದಬಾರದು. ಹತ್ತಾರು ಪಟ್ಟು ತುಂಬಿಸಿದ ಅಂಟುಗುಣದ ಪ್ರೋಟೀನು ಸಿಕ್ಕವರನ್ನೆಲ್ಲ ಹಿಡಿಯುತ್ತದೆ, ಅದು ಅದರ ಸ್ವಭಾವ. ಜೀನು ತೆಗೆದ ಇಲಿಯಲ್ಲಿ ಉಳಿದ ಸದಸ್ಯರು ಹೆಗಲು ಕೊಟ್ಟಿರಬಹುದು, ಅದೂ ಸಾಧ್ಯ. ಆದ್ದರಿಂದಲೇ ಎರಡೂ ಬೇಕು, ಜೊತೆಗೆ ಮೂರನೆಯದೂ ಬೇಕು: ಜೀನು ಅದರ ಜಾಗದಲ್ಲೇ ಇರಲಿ, ಅದರ ಸಹಜ ಪ್ರಮಾಣವೂ ಇರಲಿ, ಒಂದೇ ಒಂದು ಅಮೈನೋ ಆಮ್ಲ ಬದಲಾಗಲಿ. ಕಾಪ್-1 ಹಿಡಿಯುವ ಬಾಲ ಮಾತ್ರ ಕೆಟ್ಟ ಟ್ರಿಬ್ ಇರುವ ಕೋಶ ನನಗೆ ಇಡೀ ಜೀನು ಹೋದ ಕೋಶಕ್ಕಿಂತ ಹೆಚ್ಚು ಕಲಿಸಿದೆ. ಜೀನು ಹೋದರೆ ಎಲ್ಲವೂ ಹೋಗುತ್ತದೆ, ಯಾವ ಕೆಲಸ ಹೋಗಿದ್ದರಿಂದ ಏನಾಯಿತೆಂದು ಬಿಡಿಸಿ ಹೇಳಲಾಗುವುದಿಲ್ಲ. ಟ್ರಿಬ್‌ಗಳು ಕಾಪ್-1 ಅಲ್ಲದೆ ಎಂಇಕೆ-1 ಎಂಬ ಅಸಲಿ ಕೈನೇಸನ್ನೂ ಹಿಡಿಯುತ್ತವೆ. ಎರಡು ಎಳೆಗಳನ್ನು ಬೇರ್ಪಡಿಸದೆ ಲ್ಯೂಕೀಮಿಯಾದ ಮಾತು ಪೂರ್ತಿಯಾಗುವುದಿಲ್ಲ.

8. ಮನುಷ್ಯರ ಜೀನುಗಳು ಹೇಳುವುದನ್ನು ಕೇಳಿ

2008ರಲ್ಲಿ ಸಾವಿರಾರು ಜನರ ಜೀನೋಮ್‌ಗಳನ್ನು ರಕ್ತದ ಕೊಬ್ಬಿನ ಪ್ರಮಾಣದ ಜೊತೆ ತಾಳೆ ನೋಡಿದ ಅಧ್ಯಯನಗಳು ಎಂಟನೆಯ ಕ್ರೋಮೋಸೋಮಿನ ಒಂದು ಜಾಗದತ್ತ ಬೆರಳು ಮಾಡಿದವು. ಅಲ್ಲಿನ ವ್ಯತ್ಯಾಸಗಳು ಟ್ರೈಗ್ಲಿಸರೈಡ್ ಮತ್ತು ಕೊಲೆಸ್ಟೆರಾಲ್ ಪ್ರಮಾಣದ ಜೊತೆ ಹೆಣೆದುಕೊಂಡಿದ್ದವು. ಹತ್ತಿರದ ಜೀನು ಟ್ರಿಬ್-1. ಆ ಹೊತ್ತಿಗೆ ಟ್ರಿಬ್-1ಕ್ಕೂ ಕೊಬ್ಬಿಗೂ ಸಂಬಂಧ ಇದೆಯೆಂದು ಯಾವ ಲ್ಯಾಬಿನಲ್ಲೂ ಯಾರೂ ಎಣಿಸಿರಲಿಲ್ಲ. 2010ರಲ್ಲಿ ಇಲಿಯ ಯಕೃತ್ತಿನಲ್ಲಿ ಟ್ರಿಬ್-1 ಹೆಚ್ಚಿಸಿದಾಗ ರಕ್ತದ ಕೊಬ್ಬು ಇಳಿಯಿತು, ಜೀನು ತೆಗೆದಾಗ ಏರಿತು. ಆಮೇಲೆ ಯಕೃತ್ತಿನಲ್ಲಿ ಮಾತ್ರ ಜೀನು ತೆಗೆದ ಇಲಿಗಳಲ್ಲಿ ಸಿ-ಇಬಿಪಿ ಆಲ್ಫಾ ಶೇಖರವಾಗಿ ಕೊಬ್ಬಿನ ತಯಾರಿ ಹೆಚ್ಚುವುದು ಕಂಡಿತು. ಅದೇ ಜೋಡಿ, ಅದೇ ಬಾಲ. ಮಜ್ಜೆಯಲ್ಲಿ ಕ್ಯಾನ್ಸರ್, ಯಕೃತ್ತಿನಲ್ಲಿ ಕೊಬ್ಬು. 2013ರಲ್ಲಿ ಜಪಾನಿನ ಶಿಝುವೋ ಅಕಿರಾ ಅವರ ಗುಂಪು ಟ್ರಿಬ್-1 ಇಲ್ಲದ ಇಲಿಗಳಲ್ಲಿ ಕೊಬ್ಬಿನ ಅಂಗಾಂಶವನ್ನು ನೋಡಿಕೊಳ್ಳುವ ಒಂದು ಬಗೆಯ ಮ್ಯಾಕ್ರೋಫೇಜ್‌ಗಳೇ ಕಡಿಮೆಯಾಗುವುದನ್ನು ತೋರಿಸಿತು.

ಮನುಷ್ಯರ ಜೀನುಗಳ ಪಾಠ ಟ್ರಿಬಲ್ಸ್ ಕುಟುಂಬದ ಆಚೆಗೂ ಇದೆ. ಕೈನೇಸ್ ಮೈಕಟ್ಟಿನ ತುಂಡು ಬೇರೆ ಪ್ರೋಟೀನುಗಳ ಒಳಗೂ ಅಡಗಿರುತ್ತದೆ. ಕರುಳಿನ ಗೋಡೆಯಲ್ಲಿರುವ ಗ್ವಾನೈಲಿಲ್ ಸೈಕ್ಲೇಸ್-ಸಿ ಎಂಬ ಗ್ರಾಹಕದಲ್ಲಿ ಅಂಥದೊಂದು ತುಂಡು ಇದೆ. ಭೇದಿ ತರುವ ಕೆಲವು ಇ. ಕೋಲಿ ಬ್ಯಾಕ್ಟೀರಿಯಾಗಳ ಬಿಸಿಗೂ ಕೆಡದ ವಿಷ ಬಂದು ಕೂರುವುದು ಈ ಗ್ರಾಹಕದ ಮೇಲೆಯೇ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಧ್ಯಾ ವಿಶ್ವೇಶ್ವರಯ್ಯ ಅವರ ಲ್ಯಾಬು ಇದರ ಹಿಂದೆ ದಶಕಗಳಿಂದ ಬಿದ್ದಿದೆ. 2012ರಲ್ಲಿ ನಾರ್ವೆಯ ವೈದ್ಯರೊಂದಿಗೆ ಕೂಡಿ, ತಲೆಮಾರುಗಳಿಂದ ಭೇದಿಯಿಂದ ಬಳಲುತ್ತಿದ್ದ ಒಂದೇ ಕುಟುಂಬದ 32 ಜನರಲ್ಲಿ ಈ ಜೀನಿನ ದೋಷ ಗ್ರಾಹಕವನ್ನು ಅತಿಯಾಗಿ ಚುರುಕು ಮಾಡಿದೆ ಎಂದು ತೋರಿಸಿದವರಲ್ಲಿ ಬೆಂಗಳೂರಿನವರೂ ಇದ್ದರು. ಒಂದು ಪ್ರೋಟೀನನ್ನು ತಾಳ್ಮೆಯಿಂದ ಕಲಿತಿಟ್ಟವರಿದ್ದರೆ, ದೂರದ ಯಾವುದೋ ಮನೆಯ ಕಾಯಿಲೆಗೆ ಹೆಸರಿಡಲು ಅದು ಒದಗುತ್ತದೆ. ಅನ್ವಯವೇನು ಎಂದು ಮೊದಲ ದಿನವೇ ಕೇಳುವವರಿಗೆ ನಾನು ಕೊಡುವ ಉತ್ತರ ಈ ಉದಾಹರಣೆ.

9. ಔಷಧಕ್ಕೆ ಜೀವಂತ ಕಿಣ್ವವೇ ಬೇಕೆಂದಿಲ್ಲ

ಜೆಎಕೆ ಕುಟುಂಬದ ಕೈನೇಸ್‌ಗಳಲ್ಲಿ ಒಂದು ಅಸಲಿ ಭಾಗ, ಅದರ ಪಕ್ಕದಲ್ಲೇ ಒಂದು ಹುಸಿ ಭಾಗ ಇರುತ್ತದೆ. 2005ರಲ್ಲಿ ಕೆಂಪುರಕ್ತಕಣಗಳು ಅತಿಯಾಗುವ ಪಾಲಿಸೈಥೀಮಿಯಾ ವೆರಾ ರೋಗಿಗಳಲ್ಲಿ ಜೆಎಕೆ-2ರ 617ನೆಯ ಅಮೈನೋ ಆಮ್ಲ ಬದಲಾಗಿರುವುದು ಕಂಡಿತು. ಆ 617 ಇರುವುದು ಹುಸಿ ಭಾಗದಲ್ಲಿ. ಸತ್ತದ್ದೆಂದುಕೊಂಡ ಭಾಗವೇ ಪಕ್ಕದ ಜೀವಂತ ಭಾಗಕ್ಕೆ ಕಡಿವಾಣ ಹಿಡಿದಿತ್ತು. ಆ ಕೈ ಸಡಿಲಾದಾಗ ರೋಗ ಬಂತು. ಈ ತಿಳಿವಳಿಕೆಯ ಬೆನ್ನಲ್ಲೇ ಸೋದರ ಕೈನೇಸ್ ಟಿವೈಕೆ-2ರ ಹುಸಿ ಭಾಗದಲ್ಲಿ ಕೂರುವ ಔಷಧ ಬಂತು. ಡ್ಯೂಕ್ರಾವಾಸಿಟಿನಿಬ್ ಎಂಬ ಆ ಮಾತ್ರೆಗೆ 2022ರಲ್ಲಿ ಸೋರಿಯಾಸಿಸ್ ಚಿಕಿತ್ಸೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅಸಲಿ ಭಾಗಗಳು ಒಂದನ್ನೊಂದು ಎಷ್ಟು ಹೋಲುತ್ತವೆಂದರೆ ಅಲ್ಲಿ ಕೂರುವ ಔಷಧ ಅಕ್ಕಪಕ್ಕದವರನ್ನೂ ತಟ್ಟುತ್ತದೆ. ಹುಸಿ ಭಾಗಗಳು ಒಂದೊಂದೂ ತನ್ನದೇ ರೀತಿಯಲ್ಲಿ ಬದಲಾಗಿರುವುದರಿಂದ ಗುರಿ ತಪ್ಪುವುದು ಕಡಿಮೆ.

ನಮ್ಮ ಟ್ರಿಬ್-2 ವಿಷಯದಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ಕೊಡುವ ಅಫಾಟಿನಿಬ್ ಅದಕ್ಕೆ ಅಂಟಿ ಕೋಶದಲ್ಲಿ ಅದನ್ನು ಬೇಗ ಕರಗಿಸುತ್ತದೆ ಎಂದು 2018ರಲ್ಲಿ ಐಯರ್ಸ್ ಗುಂಪು ತೋರಿಸಿತು. ಕೆಲಸ ನಿಲ್ಲಿಸುವ ಔಷಧವಲ್ಲ, ಪ್ರೋಟೀನನ್ನೇ ಇಲ್ಲವಾಗಿಸುವ ಔಷಧ. ಆದರೆ ಅಫಾಟಿನಿಬ್ ತಯಾರಾದದ್ದು ಇಜಿಎಫ್‌ಆರ್ ಎಂಬ ಅಸಲಿ ಕೈನೇಸಿಗಾಗಿ. ಹಾಗಾಗಿ ಕೋಶ ಸತ್ತಾಗ ಯಾರು ಹೋದದ್ದರಿಂದ ಸತ್ತಿತು ಎಂದು ಕೇಳದೆ ಮುಂದೆ ಹೋಗಬಾರದು. ಔಷಧ ಅಂಟುವ ಸಿಸ್ಟೀನನ್ನು ಬದಲಿಸಿದ ಟ್ರಿಬ್-2ನ್ನು, ಜೀನಿನ ಸಹಜ ಜಾಗದಲ್ಲೇ ಇಟ್ಟು, ಇಜಿಎಫ್‌ಆರ್ ಇರುವ ಕೋಶ ಒಂದು, ಇಲ್ಲದ ಕೋಶ ಒಂದು, ಎರಡರಲ್ಲೂ ಔಷಧ ಹಾಕಿ ನೋಡಬೇಕು. ಬದಲಿ ಟ್ರಿಬ್-2 ಇರುವ ಕೋಶಗಳು ಔಷಧವನ್ನು ತಾಳಿಕೊಂಡರೆ ಗುರಿ ಟ್ರಿಬ್-2. ಅಸಲಿ ಟ್ರಿಬ್-2 ಇರುವ ಕೋಶಗಳಷ್ಟೇ ಬೇಗ ಅವೂ ಸತ್ತರೆ, ಇನ್ನೊಂದು ಗುರಿಯನ್ನು ಹುಡುಕಲು ಹೊರಡಬೇಕು.